ಹೊಂಡದಿಂದ ಹೊಂಡಕ್ಕೆ: ಭಾಷಣದ ಹಂದರ ಕಟ್ಟುವ ಕೆಲಸ

(ದಾವಣಗೆರೆಯಲ್ಲಿ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಸಂಘ-ಸಂಸ್ಥೆಗಳ ಪದಾಧಿಕಾರಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡವನ್ನು ನೋಡಿರುತ್ತೀರಿ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅವು ಕಲ್ಲು ಕಟ್ಟಿದ ನಾಲ್ಕು ಹೊಂಡಗಳು, ಅಷ್ಟೆ. ಯಾವುದರ ಕೋಡಿ ಯಾವ ಕಡೆ ಬೀಳಬೇಕು ಎಂದು ಮೊದಲೇ ಯೋಚಿಸಿದ್ದರಿಂದ ಅದು ಒಂದು ವ್ಯವಸ್ಥೆಯಾಯಿತು.

ಇವತ್ತಿನ ವಿಷಯ ಭಾಷಣದ ಹಂದರ. ಒಳ್ಳೆಯ ವಿಷಯ, ಒಳ್ಳೆಯ ಧ್ವನಿ, ಒಳ್ಳೆಯ ಓದು ಎಲ್ಲ ಇದ್ದೂ ಎಷ್ಟೋ ಭಾಷಣಗಳು ಕೇಳಿದವರ ತಲೆಯಲ್ಲಿ ಉಳಿಯುವುದಿಲ್ಲ. ಹೊಂಡಗಳು ಇರುತ್ತವೆ, ಕೋಡಿ ಇರುವುದಿಲ್ಲ. ಒಂದು ಮಾತಿನಿಂದ ಇನ್ನೊಂದಕ್ಕೆ ನೀರು ಹರಿಯುವುದಿಲ್ಲ. ಪುಸ್ತಕ ಓದುವವರಿಗೆ ದಾರಿ ತಪ್ಪಿದರೆ ಹಿಂದಿನ ಪುಟ ಇದೆ. ಸಭೆಯಲ್ಲಿ ಕೂತವರಿಗೆ ಅದಿಲ್ಲ. ಒಂದು ನಿಮಿಷ ಎಳೆ ಕಳೆದುಕೊಂಡರೆ ಅವರು ಮೊಬೈಲ್ ತೆಗೆಯುತ್ತಾರೆ, ಮತ್ತೆ ತಲೆ ಎತ್ತುವುದು ಚಪ್ಪಾಳೆಯ ಸದ್ದಿಗೇ. ಆದ್ದರಿಂದ ಹಂದರ ಕಟ್ಟುವಾಗ ನಮಗೆ ಏನೇನು ಗೊತ್ತಿದೆ ಎಂಬ ಕಡೆಯಿಂದ ಹೊರಡಬಾರದು. ಕೇಳುವವರ ಕಿವಿಗೆ ಯಾವುದು ಮೊದಲು ಬಿದ್ದರೆ ಯಾವುದು ಆಮೇಲೆ ಅರ್ಥವಾಗುತ್ತದೆ ಎಂಬ ಕಡೆಯಿಂದ ಹೊರಡಬೇಕು.

ಪೆನ್ನು ಹಿಡಿಯುವ ಮುಂಚೆ ಆಹ್ವಾನ ಪತ್ರಿಕೆಯನ್ನು ಎದುರಿಗೆ ಇಟ್ಟುಕೊಳ್ಳಿ. ನಮ್ಮ ಕಡೆಯ ಕಾರ್ಯಕ್ರಮದ ಕ್ರಮ ನಿಮಗೆ ಗೊತ್ತೇ ಇದೆ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟನಾ ನುಡಿ, ಮುಖ್ಯ ಅತಿಥಿಗಳ ಮಾತು, ಉಪನ್ಯಾಸ, ಸನ್ಮಾನ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಹತ್ತೂವರೆಗೆ ಎಂದು ಅಚ್ಚಾಗಿದ್ದು ಹನ್ನೊಂದೂವರೆಗೆ ಶುರುವಾಗುತ್ತದೆ. ಊಟದ ಹೊತ್ತು ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಕಳೆದುಹೋದ ಆ ಒಂದು ಗಂಟೆಯನ್ನು ಉಪನ್ಯಾಸಕರ ಹೊತ್ತಿನಿಂದಲೇ ಕಿತ್ತುಕೊಳ್ಳುತ್ತಾರೆ. ಹೀಗಾಗಿ ಮೂರು ಸಂಗತಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ನನಗೆ ಎಷ್ಟು ನಿಮಿಷ? ನನಗಿಂತ ಮುಂಚೆ ಯಾರು, ಯಾವುದರ ಬಗ್ಗೆ ಮಾತಾಡುತ್ತಾರೆ? ಕೂತವರು ಯಾರು, ಅವರಿಗೆ ಈ ವಿಷಯ ಈಗಾಗಲೇ ಎಷ್ಟು ಗೊತ್ತು? ಮೂರನೆಯದನ್ನು ಬಹಳ ಜನ ಕೇಳುವುದಿಲ್ಲ. ಕೃಷಿ ಇಲಾಖೆಯ ಸಿಬ್ಬಂದಿಗೆ ಹೇಳುವ ಮಾತಿನ ಹಂದರ ಬೇರೆ, ಅಡಿಕೆ ತೋಟದ ರೈತರಿಗೆ ಹೇಳುವ ಮಾತಿನ ಹಂದರ ಬೇರೆ, ವಿಷಯ ಒಂದೇ ಆಗಿದ್ದರೂ.

ಹನ್ನೆರಡು ನಿಮಿಷ ಕೊಟ್ಟಿದ್ದಾರೆ ಎಂದರೆ ಹತ್ತು ನಿಮಿಷಕ್ಕೆ ತಯಾರಿ ಮಾಡಿ. ಮೈಕ್ ಸರಿಮಾಡುವುದು, ಚಪ್ಪಾಳೆ, ನೀರು ಕುಡಿಯುವುದು, ಬಾಗಿಲಲ್ಲಿ ಗಣ್ಯರೊಬ್ಬರು ಬಂದರೆಂದು ಎಲ್ಲರೂ ತಿರುಗಿ ನೋಡುವುದು, ಇವೆಲ್ಲ ಸೇರಿ ಉಳಿದ ಎರಡು ನಿಮಿಷವನ್ನು ತಿಂದೇ ತಿನ್ನುತ್ತವೆ. ಹತ್ತು ನಿಮಿಷಕ್ಕೆ ಎಷ್ಟು ಪದ? ಇಂಗ್ಲಿಷಿನಲ್ಲಿ ನಿಮಿಷಕ್ಕೆ 120ರಿಂದ 150 ಎಂದು ಹೇಳುವ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಪದಗಳು ಉದ್ದ. ಅವರು ನಾಲ್ಕು ಪದದಲ್ಲಿ ಹೇಳುವ 'ಮನೆಯೊಳಗಿನಿಂದ' ನಮಗೆ ಒಂದೇ ಪದ. ಸಭೆಯಲ್ಲಿ ಸ್ಪಷ್ಟವಾಗಿ, ಉಸಿರು ತೆಗೆದುಕೊಂಡು ಮಾತಾಡಿದರೆ ನಿಮಿಷಕ್ಕೆ 80ರಿಂದ 100 ಪದ ಎಂದು ಇಟ್ಟುಕೊಳ್ಳಿ. ನಿಮ್ಮದೇ ಲೆಕ್ಕ ಬೇಕಿದ್ದರೆ ಒಂದು ಪುಟವನ್ನು ಎದ್ದು ನಿಂತು, ದೊಡ್ಡ ಧ್ವನಿಯಲ್ಲಿ, ಗಡಿಯಾರ ಇಟ್ಟುಕೊಂಡು ಓದಿ, ಪದ ಎಣಿಸಿ. ಕೂತು ಮನಸ್ಸಿನಲ್ಲಿ ಓದಿದ ಲೆಕ್ಕ ನಂಬಬೇಡಿ, ಅದು ಯಾವಾಗಲೂ ಕಡಿಮೆ ಹೊತ್ತು ತೋರಿಸುತ್ತದೆ.

ಈಗ ಹಂದರದ ನಡುಗಂಬಕ್ಕೆ ಬರೋಣ. ಭಾಷಣ ಮುಗಿಸಿ ಮನೆಗೆ ಹೋದವರನ್ನು ಮನೆಯವರು 'ಏನು ಹೇಳಿದರು?' ಎಂದು ಕೇಳಿದರೆ ಅವರು ಕೊಡಬೇಕಾದ ಒಂದು ವಾಕ್ಯದ ಉತ್ತರವನ್ನು ನೀವೇ ಮೊದಲು ಬರೆದಿಡಬೇಕು. ಇದಕ್ಕೆ ತಿರುಳು ವಾಕ್ಯ ಎನ್ನೋಣ. ವಾಕ್ಯ ಎಂದಿದ್ದೇವೆ, ಶೀರ್ಷಿಕೆ ಎಂದಿಲ್ಲ. ಕ್ರಿಯಾಪದ ಇರಲೇಬೇಕು.

ಒಂದು ಉದಾಹರಣೆಯನ್ನು ಮೊದಲಿಂದ ಕೊನೆವರೆಗೆ ಕಟ್ಟಿ ನೋಡೋಣ. ಚಿತ್ರದುರ್ಗದ ಒಂದು ಬಡಾವಣೆಯ ನಿವಾಸಿಗಳ ಸಭೆ, ಹನ್ನೆರಡು ನಿಮಿಷ, ಮಳೆನೀರು ಸಂಗ್ರಹದ ಬಗ್ಗೆ ಮಾತಾಡಿ ಎಂದಿದ್ದಾರೆ. ಮೊದಲ ಪ್ರಯತ್ನ: 'ನೀರಿನ ಮಹತ್ವ.' ಇದು ಶೀರ್ಷಿಕೆ. ಇದರ ಕೆಳಗೆ ಗಂಗೆಯಿಂದ ಹಿಡಿದು ಕೊಳವೆಬಾವಿವರೆಗೆ ಏನನ್ನು ಬೇಕಾದರೂ ತುಂಬಬಹುದು, ಆದ್ದರಿಂದ ಏನನ್ನು ಬಿಡಬೇಕೆಂದು ಇದು ಹೇಳುವುದಿಲ್ಲ. ಎರಡನೆಯದು: 'ಎಲ್ಲರೂ ಮಳೆನೀರು ಸಂಗ್ರಹಿಸಬೇಕು.' ವಾಕ್ಯವೇನೋ ಆಯಿತು, ಆದರೆ ಒಪ್ಪದವರೇ ಇಲ್ಲದ ಮಾತು. ಕೇಳಿದವರು ತಲೆ ಆಡಿಸಿ ಮರೆಯುತ್ತಾರೆ. ಮೂರನೆಯದು: 'ದುರ್ಗದ ಅರಸರು ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದ ಹಾಗೆ ನಾವು ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಹಿಡಿದರೆ, ವರ್ಷಕ್ಕೆ ಏಳು ಟ್ಯಾಂಕರಿನಷ್ಟು ನೀರು ಮನೆಯಂಗಳದಲ್ಲೇ ಸಿಗುತ್ತದೆ.' ಈಗ ಕೆಲಸ ಶುರುವಾಯಿತು. ಇದರೊಳಗೇ ಮೂರು ಭಾಗ ಇವೆ: ಕೋಟೆಯ ಹೊಂಡಗಳು, ಏಳು ಟ್ಯಾಂಕರಿನ ಲೆಕ್ಕ, ಹಿಡಿಯುವ ವಿಧಾನ. ತಿರುಳು ವಾಕ್ಯ ಸರಿಯಾಗಿದ್ದರೆ ಹಂದರ ಅದರೊಳಗಿಂದಲೇ ಹೊರಗೆ ಬರುತ್ತದೆ. ಬರಲಿಲ್ಲ ಎಂದರೆ ವಾಕ್ಯವನ್ನು ಇನ್ನೊಮ್ಮೆ ಬರೆಯಬೇಕು. ಈ ಒಂದು ಸಾಲಿಗೆ ಅರ್ಧ ಗಂಟೆ ಹೋದರೂ ನಷ್ಟವಿಲ್ಲ.

ಕೆಲವರು ಎರಡು ತಿರುಳು ಇಟ್ಟುಕೊಳ್ಳುತ್ತಾರೆ. ಮಳೆನೀರೂ ಇರಲಿ, ಪ್ಲಾಸ್ಟಿಕ್ ನಿಷೇಧವೂ ಇರಲಿ ಎಂದು. ಎತ್ತು ಏರಿಗೆ, ಕೋಣ ನೀರಿಗೆ. ಹನ್ನೆರಡು ನಿಮಿಷದಲ್ಲಿ ಒಂದನ್ನು ಮನಸ್ಸಿಗೆ ಇಳಿಸುವುದೇ ಕಷ್ಟ.

ಸಾಮಗ್ರಿ ಕೂಡಿಸುವುದು ಮುಂದಿನ ಕೆಲಸ. ಹಳೆಯ ಆಹ್ವಾನ ಪತ್ರಿಕೆಗಳ ಹಿಂಬದಿಯನ್ನು ಅಂಗೈ ಅಗಲದ ಚೀಟಿಗಳಾಗಿ ಕತ್ತರಿಸಿಕೊಳ್ಳಿ. ಒಂದು ಚೀಟಿಗೆ ಒಂದೇ ಸಂಗತಿ. ಹನ್ನೆರಡು ನಿಮಿಷದ ಮಾತಿಗೆ ಇಪ್ಪತ್ತೈದು-ಮೂವತ್ತು ಚೀಟಿ ಸಹಜವಾಗಿ ಆಗುತ್ತವೆ. ಅವನ್ನು ನೆಲದ ಮೇಲೆ ಹರಡಿ, ತಿರುಳು ವಾಕ್ಯವನ್ನು ಮೇಲೆ ಇಟ್ಟು, ಒಂದೊಂದೇ ಚೀಟಿ ಎತ್ತಿಕೊಂಡು ಕೇಳಿ: ಇದು ಆ ವಾಕ್ಯವನ್ನು ನಂಬಿಸುತ್ತದೆಯೇ, ಬಿಡಿಸಿ ಹೇಳುತ್ತದೆಯೇ, ಮಾಡಿ ತೋರಿಸುತ್ತದೆಯೇ? ಮೂರೂ ಇಲ್ಲವಾದರೆ ಆ ಚೀಟಿ ಬೇರೆ ಲಕೋಟೆಗೆ ಹೋಗಬೇಕು. ಓಬವ್ವ ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಪ್ರಸಂಗ ಈ ಭಾಷಣದಲ್ಲಿ ಬರಬೇಕೆಂದು ದುರ್ಗದವರಿಗೆ ಆಸೆ ಆಗಿಯೇ ಆಗುತ್ತದೆ. ಗಂಡನಿಗೆ ಕುಡಿಯುವ ನೀರು ತರಲು ಹೋಗಿದ್ದಳು ಎಂಬ ಎಳೆ ಹಿಡಿದು ತಂದರೆ ಅದಕ್ಕೆ ಜಾಗವಿದೆ. ಬರೀ ಚಪ್ಪಾಳೆಗಾಗಿ ತಂದರೆ ಮೂರು ನಿಮಿಷ ಹೋಗಿ ಸಭೆ ಹೈದರಾಲಿಯ ಕಾಲದಲ್ಲೇ ಉಳಿದುಬಿಡುತ್ತದೆ. ಅಲ್ಲಿಂದ ಅವರನ್ನು ಮಾಳಿಗೆಯ ಪೈಪಿಗೆ ಎಳೆದು ತರುವುದು ಸುಲಭವಲ್ಲ. ಬಿಟ್ಟ ಚೀಟಿಗಳನ್ನು ಹರಿಯಬೇಡಿ, ಪ್ರಶ್ನೋತ್ತರಕ್ಕೆ ಅವೇ ಬೇಕಾಗುತ್ತವೆ.

ಉಳಿದ ಹನ್ನೆರಡು-ಹದಿನೈದು ಚೀಟಿಗಳು ಮೂರು, ಹೆಚ್ಚೆಂದರೆ ನಾಲ್ಕು ಗುಂಪಾಗಬೇಕು. ಈ ಸಂಖ್ಯೆಗೆ ಕಾರಣ ಇದೆ. ಮನುಷ್ಯ ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲ ಸಂಗತಿಗಳ ಬಗ್ಗೆ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನ ಪ್ರಸಿದ್ಧ. ಏಳು, ಎರಡು ಹೆಚ್ಚು ಇಲ್ಲವೇ ಕಡಿಮೆ ಎಂದು ಅವರು ಹೇಳಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಎಂಬವರು ಅದು ನಾಲ್ಕರ ಆಸುಪಾಸು ಎಂದು ವಾದಿಸಿದರು. ಸಭೆಯಲ್ಲಿ ಸೆಖೆ ಇದೆ, ಜನರೇಟರಿನ ಸದ್ದು ಇದೆ, ಮಕ್ಕಳು ಓಡಾಡುತ್ತಿದ್ದಾರೆ. ಅಲ್ಲಿ ಮೂರು ನಿಂತರೆ ದೊಡ್ಡದು. 'ನಾನು ಎಂಟು ಅಂಶಗಳನ್ನು ಹೇಳುತ್ತೇನೆ' ಎಂದು ಶುರು ಮಾಡಿದವರ ಮಾತನ್ನು ಜನ ಐದನೆಯ ಅಂಶದಿಂದ ಕೇಳುವುದಿಲ್ಲ, ಎಣಿಸುತ್ತಾ ಕೂರುತ್ತಾರೆ.

ಗುಂಪುಗಳನ್ನು ಯಾವ ಕ್ರಮದಲ್ಲಿ ಜೋಡಿಸುವುದು? ನಮ್ಮಲ್ಲಿ ಎಲ್ಲರೂ ಹಿಡಿಯುವ ದಾರಿ ಕಾಲಕ್ರಮ. ಒಂದು ಘಟನೆ ಹೇಗೆ ನಡೆಯಿತು, ಒಂದು ಪದಾರ್ಥ ಹೇಗೆ ತಯಾರಾಗುತ್ತದೆ ಎಂದು ಹೇಳುವುದಕ್ಕೆ ಅದು ಸರಿ. ಜಯಂತಿ ಭಾಷಣಗಳಲ್ಲಿ ಮಾತ್ರ ಅದು ಬಹಳ ಹಾಳು ಮಾಡಿದೆ. ಎಸ್. ನಿಜಲಿಂಗಪ್ಪನವರ ಬಗ್ಗೆ ವಿದ್ಯಾರ್ಥಿಯೊಬ್ಬರಿಗೆ ಏಳು ನಿಮಿಷ ಕೊಟ್ಟಿದ್ದಾರೆ ಎಂದುಕೊಳ್ಳಿ. 1902ರ ಡಿಸೆಂಬರ್ 10ರಂದು ಹಲುವಾಗಲಿನಲ್ಲಿ ಜನಿಸಿದರು ಎಂದು ಹೊರಟರೆ, ಬಾಲ್ಯ, ಓದು, ವಕೀಲಿಕೆ ಮುಗಿಯುವಷ್ಟರಲ್ಲಿ ಐದನೆಯ ನಿಮಿಷದ ಗಂಟೆ ಬಾರಿಸುತ್ತದೆ. ಏಕೀಕರಣ ಎರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅದೇ ವಿದ್ಯಾರ್ಥಿ 1956ರ ನವೆಂಬರ್ 1ರಿಂದ ಶುರು ಮಾಡಲಿ: ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡದ ಜನ ಒಂದು ರಾಜ್ಯವಾದ ದಿನ, ಅದರ ಮೊದಲ ಮುಖ್ಯಮಂತ್ರಿಯಾಗಿ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿಕೊಂಡಿದ್ದವರೊಬ್ಬರು ನಿಂತಿದ್ದಾರೆ. ಅವರು ಅಲ್ಲಿಗೆ ಹೇಗೆ ಬಂದರು, ಆಮೇಲೆ ಏನು ಮಾಡಿದರು? ಈಗ ಹುಟ್ಟಿದ ಊರೂ ವಕೀಲಿಕೆಯೂ ಒಂದು ಪ್ರಶ್ನೆಗೆ ಉತ್ತರವಾಗಿ ಬರುತ್ತವೆ. ಸಂಗತಿಗಳು ಅವೇ, ಜೋಡಣೆ ಬೇರೆ.

ಸ್ಥಳಕ್ರಮ ಎಂಬುದೂ ಉಂಟು: ಕೋಟೆ, ದೇವಸ್ಥಾನ, ತೋಟ ಇಂಥದ್ದನ್ನು ವರ್ಣಿಸುವಾಗ ಹೊರಗಿನಿಂದ ಒಳಗೆ, ಕೆಳಗಿನಿಂದ ಮೇಲೆ. ಕಾರಣ-ಪರಿಣಾಮದ ಕ್ರಮ ರೋಗ, ಬೆಲೆ, ಬರಗಾಲದಂಥ ವಿಷಯಕ್ಕೆ ಒಗ್ಗುತ್ತದೆ. ಜನರಿಂದ ಏನಾದರೂ ಮಾಡಿಸಬೇಕು ಎಂದಾಗ ಸಮಸ್ಯೆ-ಪರಿಹಾರದ ಕ್ರಮ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೋ 1930ರ ದಶಕದಲ್ಲಿ ಇದನ್ನೇ ಐದು ಮೆಟ್ಟಿಲಾಗಿ ಬಿಡಿಸಿದರು. ಮೊದಲು ಗಮನ ಸೆಳೆಯುವುದು, ಆಮೇಲೆ ಕೊರತೆ ತೋರಿಸುವುದು, ಅದನ್ನು ನೀಗುವ ದಾರಿ ಹೇಳುವುದು, ಆ ದಾರಿ ಹಿಡಿದರೆ ಏನಾಗುತ್ತದೆಂದು ಕಣ್ಣಿಗೆ ಕಟ್ಟುವುದು, ಕೊನೆಗೆ ಇಂಥದ್ದು ಮಾಡಿ ಎಂದು ಕೇಳುವುದು. ಸ್ತ್ರೀಶಕ್ತಿ ಸಂಘದ ಸಭೆಗೂ, ರೈತರ ಸಭೆಗೂ, ರಕ್ತದಾನ ಶಿಬಿರಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಶ್ರದ್ಧಾಂಜಲಿ ಸಭೆಯಲ್ಲಿ ಬಳಸಲು ಹೋಗಬೇಡಿ.

ನಮ್ಮ ಮಳೆನೀರಿನ ಭಾಷಣ ಈ ಜಾತಿಯದು. ಅದರ ಹತ್ತು ನಿಮಿಷವನ್ನು ಹೀಗೆ ಹಂಚೋಣ: ಆರಂಭಕ್ಕೆ ಒಂದು ನಿಮಿಷ, ಕೋಟೆಯ ಹೊಂಡಗಳಿಗೆ ಎರಡೂವರೆ, ಲೆಕ್ಕಕ್ಕೆ ಮೂರು, ವಿಧಾನಕ್ಕೆ ಎರಡೂವರೆ, ಮುಕ್ತಾಯಕ್ಕೆ ಒಂದು. ಲೆಕ್ಕಕ್ಕೆ ಹೆಚ್ಚು ಕೊಟ್ಟಿದ್ದು ಯಾಕೆಂದರೆ ಜನರ ಅನುಮಾನ ಇರುವುದು ಅಲ್ಲಿ. 'ನಮ್ಮ ಬಯಲುಸೀಮೆಯಲ್ಲಿ ಮಳೆಯೇ ಇಲ್ಲ, ಹಿಡಿಯುವುದೇನನ್ನು?' ಎಂದು ಅವರು ಮನಸ್ಸಿನಲ್ಲಿ ಕೇಳುತ್ತಿರುತ್ತಾರೆ. ಅನುಮಾನ ಎಲ್ಲಿದೆಯೋ ಅಲ್ಲಿ ಸಮಯ ಸುರಿಯಬೇಕು.

ಈ ಭಾಗವನ್ನು ಹತ್ತಿರದಿಂದ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡರೂ 46,500 ಲೀಟರ್. ಆವಿಯಾಗಿದ್ದು, ಚೆಲ್ಲಿದ್ದು, ಮೊದಲ ಮಳೆಯ ಕೊಳೆನೀರೆಂದು ಹೊರಬಿಟ್ಟದ್ದು, ಇದಕ್ಕೆಲ್ಲ ನೂರಕ್ಕೆ 20 ಕಳೆದರೆ 37,200 ಲೀಟರ್. ಇಷ್ಟನ್ನೂ ಹೀಗೇ ವೇದಿಕೆಯಲ್ಲಿ ಓದಿದರೆ ಸಭೆಗೆ ಏನೂ ಉಳಿಯುವುದಿಲ್ಲ. ಐದು ಅಂಕಿ ಬಂದವು, ಐದೂ ಜಾರಿದವು. ಹಂದರದಲ್ಲಿ ಅಂಕಿಗೆ ಒಂದು ನಿಯಮ ಇಟ್ಟುಕೊಳ್ಳಿ: ಒಂದು ಗುಂಪಿಗೆ ಒಂದೇ ಅಂಕಿ ಹೊರಗೆ ಹೇಳುವಂಥದ್ದು, ಅದೂ ಕಣ್ಣಿಗೆ ಕಾಣುವ ವಸ್ತುವಾಗಿ. ಐದು ಸಾವಿರ ಲೀಟರಿನ ಟ್ಯಾಂಕರ್ ನಿಮ್ಮ ಬೀದಿಗೆ ಬರುತ್ತದಲ್ಲ, ಅಂಥ ಏಳು ಟ್ಯಾಂಕರ್ ನಿಮ್ಮ ಮಾಳಿಗೆಯಿಂದ ಚರಂಡಿಗೆ ಹೋಗುತ್ತಿದೆ. ಉಳಿದ ನಾಲ್ಕು ಅಂಕಿ ವೇದಿಕೆಗೆ ಒಯ್ಯುವ ಕಾರ್ಡಿನ ಅಂಚಿನಲ್ಲಿ ಇರಲಿ, ಯಾರಾದರೂ ಕೇಳಿದರೆ ಹೇಳೋಣ. ಅಷ್ಟನ್ನೂ ಒಟ್ಟಿಗೆ ತುಂಬಿಡಲು ದೊಡ್ಡ ತೊಟ್ಟಿ ಬೇಕಲ್ಲ ಎಂದು ಒಬ್ಬರಾದರೂ ಕೇಳುತ್ತಾರೆ. ಮಳೆ ಒಂದೇ ದಿನ ಬೀಳುವುದಿಲ್ಲ, ಬಳಸುತ್ತಾ ಹೋಗುತ್ತೇವೆ, ಮಿಕ್ಕದ್ದು ಇಂಗುಗುಂಡಿಗೆ ಎಂಬ ಉತ್ತರದ ಚೀಟಿಯೂ ಸಿದ್ಧವಿರಬೇಕು.

ಹಂದರದಲ್ಲಿ ಪಾಯಿಂಟುಗಳನ್ನು ಹೇಗೆ ಬರೆಯುತ್ತೀರಿ ಎನ್ನುವುದು ದೊಡ್ಡ ವಿಷಯ. 'ಕೋಟೆ — ಹೊಂಡಗಳು — ಇತಿಹಾಸ' ಎಂದು ಬರೆದುಕೊಂಡರೆ ವೇದಿಕೆಯಲ್ಲಿ ಅದನ್ನು ನೋಡಿ ಏನು ಹೇಳಬೇಕೆಂದೇ ತೋಚುವುದಿಲ್ಲ. ತಯಾರಿಯ ಹಂದರದಲ್ಲಿ ಪ್ರತಿ ಪಾಯಿಂಟೂ ಒಂದು ಪೂರ್ಣ ಹೇಳಿಕೆಯಾಗಿರಲಿ: 'ಮೇಲಿನ ಹೊಂಡದ ಕೋಡಿ ಕೆಳಗಿನ ಹೊಂಡಕ್ಕೆ ಬೀಳುತ್ತದೆ, ಹನಿಯೂ ಪೋಲಾಗುವುದಿಲ್ಲ.' ಆ ಹೇಳಿಕೆಯ ಕೆಳಗೆ ಅದಕ್ಕೆ ಆಧಾರ: ಹೊಂಡಗಳ ಹೆಸರು, ಇಳಿಯುವ ಕ್ರಮ. ಹೇಳಿಕೆ ಒಂದು ಕಡೆ, ಆಧಾರ ಸ್ವಲ್ಪ ಒಳಸರಿಸಿ. ಒಂದು ಹೇಳಿಕೆಗೆ ಆಧಾರವೇ ಇಲ್ಲದಿದ್ದರೆ ಹಾಳೆಯ ಮೇಲೆ ಖಾಲಿ ಜಾಗ ಎದ್ದು ಕಾಣುತ್ತದೆ. ಒಂದೇ ಹೇಳಿಕೆಗೆ ಆರು ಆಧಾರ ಇದ್ದರೆ ಅದೂ ಕಾಣುತ್ತದೆ. ಹಂದರ ಬರೆಯುವುದರ ದೊಡ್ಡ ಲಾಭ ಇದೇ, ಭಾಷಣದ ಓರೆಕೋರೆ ಮಾತಾಡುವ ಮುಂಚೆಯೇ ಕಣ್ಣಿಗೆ ಬೀಳುತ್ತದೆ.

ಈಗ ಕೋಡಿ. ಒಂದು ಭಾಗದಿಂದ ಇನ್ನೊಂದಕ್ಕೆ ದಾಟಿಸುವ ವಾಕ್ಯಗಳನ್ನು ಪೂರ್ತಿಯಾಗಿ ಬರೆದೇ ಇಟ್ಟುಕೊಳ್ಳಬೇಕು, ವೇದಿಕೆಯಲ್ಲಿ ಹುಡುಕಲು ಆಗುವುದಿಲ್ಲ. 'ಇನ್ನು ಮುಂದಿನ ಅಂಶಕ್ಕೆ ಬರುವುದಾದರೆ' ಎಂಬುದು ಕೋಡಿಯಲ್ಲ, ಅದು ಪುಟ ತಿರುವಿದ ಸದ್ದು. ಕೋಡಿಯ ವಾಕ್ಯಕ್ಕೆ ಹಿಂದಿನ ಹೊಂಡದ ನೀರೂ ಬೇಕು, ಮುಂದಿನ ಹೊಂಡದ ದಿಕ್ಕೂ ಬೇಕು. ಕೋಟೆಯಿಂದ ಮನೆಗೆ ದಾಟಬೇಕು: 'ಅರಸರ ಕಾಲದಲ್ಲಿ ಬಂಡೆಯೇ ಮಾಳಿಗೆಯಾಗಿತ್ತು, ಈಗ ನಮ್ಮ ಮಾಳಿಗೆಯೇ ಬಂಡೆ. ಆ ಬಂಡೆಯ ಮೇಲೆ ವರ್ಷಕ್ಕೆ ಎಷ್ಟು ನೀರು ಬೀಳುತ್ತದೆ ಗೊತ್ತೇ?' ಲೆಕ್ಕದಿಂದ ವಿಧಾನಕ್ಕೆ ದಾಟಬೇಕು: 'ಏಳು ಟ್ಯಾಂಕರ್ ಚರಂಡಿಗೆ ಹೋಗುತ್ತಿದೆ ಅಂದೆವು. ಅದನ್ನು ತೊಟ್ಟಿಗೆ ತಿರುಗಿಸಲು ಬೇಕಾದದ್ದು ಮೂರು ವಸ್ತು: ಮೊದಲ ಮಳೆಯನ್ನು ಹೊರಬಿಡುವ ಪೈಪು, ಜಲ್ಲಿ-ಮರಳಿನ ಸೋಸು, ಒಂದು ತೊಟ್ಟಿ.' ಎರಡನೆಯ ಭಾಗದ ಪ್ರಶ್ನೆ ಮೊದಲನೆಯ ಭಾಗದ ಉತ್ತರದಿಂದಲೇ ಹುಟ್ಟಬೇಕು. ಎಷ್ಟು ಒದ್ದಾಡಿದರೂ ಕೋಡಿ ವಾಕ್ಯ ಬರೆಯಲು ಆಗುತ್ತಿಲ್ಲ ಎಂದರೆ ಭಾಗಗಳ ಕ್ರಮವೇ ತಪ್ಪಿದೆ ಎಂದು ತಿಳಿಯಿರಿ, ಚೀಟಿಗಳನ್ನು ಮತ್ತೆ ನೆಲದ ಮೇಲೆ ಹರಡಿ.

ಆರಂಭವನ್ನು ಕೊನೆಗೆ ಬರೆಯಿರಿ. ಮನೆ ಕಟ್ಟಿ ಮುಗಿಯದೆ ಬಾಗಿಲಿಗೆ ಬಣ್ಣ ಹಚ್ಚುವುದಿಲ್ಲ. ನಮ್ಮಲ್ಲಿ ಮೊದಲ ಎರಡು-ಮೂರು ನಿಮಿಷ 'ವೇದಿಕೆಯ ಮೇಲೆ ಆಸೀನರಾಗಿರುವ' ಎಂದು ಹೆಸರು ಹೇಳುವುದರಲ್ಲೇ ಹೋಗುತ್ತದೆ. ಸ್ವಾಗತ ಮಾಡಿದವರು ಎಲ್ಲ ಹೆಸರನ್ನೂ ಹೇಳಿದ್ದಾರೆ, ಪ್ರಾಸ್ತಾವಿಕದವರೂ ಹೇಳಿದ್ದಾರೆ. ಅಧ್ಯಕ್ಷರ ಹೆಸರೊಂದನ್ನು ಹೇಳಿ, 'ವೇದಿಕೆಯ ಎಲ್ಲ ಗಣ್ಯರೇ, ಎದುರಿಗೆ ಕೂತಿರುವ ತಂದೆ-ತಾಯಿಗಳೇ, ಅಣ್ಣ-ತಮ್ಮ, ಅಕ್ಕ-ತಂಗಿಯರೇ' ಎಂದರೆ ಮರ್ಯಾದೆಗೆ ಕೊರತೆ ಆಗುವುದಿಲ್ಲ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎಲ್ಲರ ಹೆಸರು ಹೇಳಲು ಹೋಗಿ ಒಬ್ಬರನ್ನು ಬಿಟ್ಟರೆ ಆಗುವ ಮುನಿಸು ಇದಕ್ಕಿಂತ ದೊಡ್ಡದು. ಹಾಗೆಯೇ 'ನಾನು ತಯಾರಿ ಮಾಡಿಕೊಂಡು ಬಂದಿಲ್ಲ', 'ನಾನೇನೂ ದೊಡ್ಡ ಭಾಷಣಕಾರನಲ್ಲ' ಎಂಬುದನ್ನು ಹಂದರದಿಂದಲೇ ತೆಗೆದುಹಾಕಿ. ಸಭೆಗೆ ಅದರಿಂದ ಏನೂ ಉಪಯೋಗವಿಲ್ಲ. ವಚನವೋ ಶ್ಲೋಕವೋ ಹೇಳಿ ಶುರು ಮಾಡುವ ರೂಢಿ ಚೆಂದ, ಆದರೆ ಅದು ತಿರುಳು ವಾಕ್ಯಕ್ಕೆ ಬಾಗಿಲಾಗಬೇಕು. ಯಾವ ಭಾಷಣಕ್ಕೆ ಬೇಕಾದರೂ ಹಚ್ಚಬಹುದಾದ ವಚನ ಯಾವ ಭಾಷಣಕ್ಕೂ ಕೆಲಸ ಮಾಡುವುದಿಲ್ಲ. ನಮ್ಮ ಉದಾಹರಣೆಯ ಆರಂಭ ಹೀಗಿರಬಹುದು: 'ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಅಣೆಕಟ್ಟು ತುಂಬಲೆಂದು ಅಷ್ಟು ಕಾದ ಜನ ನಾವು. ಆ ಎಂಬತ್ತೊಂಬತ್ತು ವರ್ಷವೂ ನಮ್ಮ ಮನೆಯ ಮಾಳಿಗೆ ಮಾತ್ರ ಪ್ರತಿ ಮಳೆಗಾಲದಲ್ಲೂ ಕೋಡಿ ಬೀಳುತ್ತಲೇ ಇತ್ತು.' ಇಲ್ಲಿಂದ ಕೋಟೆಗೂ ಹೋಗಬಹುದು, ಲೆಕ್ಕಕ್ಕೂ ಹೋಗಬಹುದು.

ಮುಕ್ತಾಯದಲ್ಲಿ ಹೊಸ ವಿಷಯ ತೆಗೆಯಬಾರದು. 'ಕೊನೆಯದಾಗಿ' ಎಂದು ಒಮ್ಮೆ ಹೇಳಿದ ಮೇಲೆ ಒಂದು ನಿಮಿಷದಲ್ಲಿ ಕೂತುಬಿಡಬೇಕು. ಎರಡನೆಯ 'ಕೊನೆಯದಾಗಿ'ಗೆ ಜನ ಚಪ್ಪಲಿ ಹುಡುಕಲು ಶುರು ಮಾಡಿರುತ್ತಾರೆ. ಕೇಳಿದವರು ಕೈಯಾರೆ ಮಾಡಬಹುದಾದ ಒಂದೇ ಒಂದು ಕೆಲಸ ಕೊಡಿ: 'ಈ ಭಾನುವಾರ ಟೇಪು ಹಿಡಿದು ನಿಮ್ಮ ಮಾಳಿಗೆಯ ಉದ್ದ-ಅಗಲ ಅಳೆಯಿರಿ, ಮಳೆಯ ಪೈಪು ಎಲ್ಲಿ ಬೀಳುತ್ತದೆ ನೋಡಿ ಬರೆದಿಡಿ.' 'ನಾವೆಲ್ಲರೂ ಜಾಗೃತರಾಗೋಣ' ಎಂದರೆ ಯಾರೂ ಏನೂ ಮಾಡುವುದಿಲ್ಲ, ಏನು ಮಾಡಬೇಕೆಂದು ಅದರಲ್ಲಿ ಇಲ್ಲವೇ ಇಲ್ಲ.

ತಯಾರಿಯ ಹಂದರ ಮೂರು ಪುಟ ಆಗಬಹುದು. ವೇದಿಕೆಗೆ ಒಯ್ಯುವುದು ಅದನ್ನಲ್ಲ. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದ ನಾಲ್ಕೈದು ಸಾಕು, ಒಂದು ಭಾಗಕ್ಕೆ ಒಂದು ಕಾರ್ಡು. ಒಂದೇ ಬದಿಗೆ ಬರೆಯಿರಿ, ಮೂಲೆಯಲ್ಲಿ ಸಂಖ್ಯೆ ಹಾಕಿ, ತೂತು ಮಾಡಿ ದಾರ ಕಟ್ಟಿ. ವೇದಿಕೆಯ ಮೇಲಿನ ಫ್ಯಾನು ಬಿಡಿ ಹಾಳೆಗಳನ್ನು ಹಾರಿಸುತ್ತದೆ, ಕೈ ನಡುಗಿದರೆ ತೆಳು ಹಾಳೆ ಮೈಕಿನ ಹತ್ತಿರ ಪಟಪಟ ಎನ್ನುತ್ತದೆ. ಕಾರ್ಡಿನಲ್ಲಿ ಸಾಲಿಗೆ ನಾಲ್ಕೈದು ಪದ ಮಾತ್ರ, ಅಕ್ಷರ ಒಂದು ಮಾರು ದೂರದಿಂದ ಕಾಣುವಷ್ಟು ದೊಡ್ಡದು. ಪೂರ್ಣ ವಾಕ್ಯದಲ್ಲಿ ಬರೆಯುವುದು ಆರಂಭದ ಎರಡು ವಾಕ್ಯ, ಕೋಡಿಯ ವಾಕ್ಯಗಳು, ಮುಕ್ತಾಯದ ಒಂದು ವಾಕ್ಯ, ಇಷ್ಟು. ಹೆಸರು, ಇಸವಿ, ಅಂಕಿಗಳನ್ನು ನೆನಪಿಗೆ ಬಿಡಬೇಡಿ, ಗಾಬರಿಯಲ್ಲಿ ಮೊದಲು ಜಾರುವುದು ಅವೇ. ಮೊಬೈಲಿನಲ್ಲಿ ನೋಡಿ ಮಾತಾಡುವವರು ಹೆಚ್ಚಾಗಿದ್ದಾರೆ. ಪರದೆ ಆರಿಹೋಗುವುದು, ನಡುವೆ ಕರೆ ಬರುವುದು, ಬಿಸಿಲಿನಲ್ಲಿ ಅಕ್ಷರ ಕಾಣದಿರುವುದು, ಮೂರೂ ಆಗುತ್ತವೆ.

ಇನ್ನು ಕೆಂಪು ಪೆನ್ಸಿಲ್. ಹತ್ತು ನಿಮಿಷದ ಹಂದರದಲ್ಲೇ ಐದು ನಿಮಿಷದ ಭಾಷಣವನ್ನೂ ಗುರುತು ಮಾಡಿಕೊಳ್ಳಿ. ಬಿಡಬಹುದಾದ ಉದಾಹರಣೆಗಳ ಸುತ್ತ ಕೆಂಪು ಕಂಸ ಹಾಕಿ. ನಿರೂಪಕರು 'ಸಮಯದ ಅಭಾವ' ಎಂಬ ಚೀಟಿ ಕೊಟ್ಟಾಗ ಬಹಳ ಜನ ಮಾಡುವ ತಪ್ಪು ಎಲ್ಲವನ್ನೂ ಎರಡು ಪಟ್ಟು ವೇಗವಾಗಿ ಹೇಳುವುದು. ಅದರಲ್ಲಿ ಯಾವುದೂ ಉಳಿಯುವುದಿಲ್ಲ. ಕೆಂಪು ಕಂಸದ ಭಾಗಗಳನ್ನು ಪೂರ್ತಿ ಬಿಟ್ಟು, ಉಳಿದದ್ದನ್ನು ಅದೇ ನಿಧಾನದಲ್ಲಿ ಹೇಳಿ. ನಮ್ಮ ಉದಾಹರಣೆಯಲ್ಲಿ ಕೋಟೆಯ ಭಾಗ ಅರ್ಧ ನಿಮಿಷಕ್ಕೆ ಇಳಿಯಬಹುದು, ಲೆಕ್ಕ ಮತ್ತು ಮುಕ್ತಾಯ ಮುಟ್ಟಬಾರದು. ಕಾರ್ಡಿನ ಅಂಚಿನಲ್ಲಿ ಹೊತ್ತನ್ನೂ ಬರೆದಿಡಿ: ಲೆಕ್ಕದ ಕಾರ್ಡಿಗೆ ಬರುವಾಗ ಮೂರೂವರೆ ನಿಮಿಷ, ವಿಧಾನಕ್ಕೆ ಬರುವಾಗ ಆರೂವರೆ. ಎದ್ದು ನಿಂತು, ಧ್ವನಿ ಎತ್ತಿ ಮೂರು ಸಲ ಅಭ್ಯಾಸ ಮಾಡಿ. ಮೊದಲ ಸಲ ಮೊದಲ ಭಾಗವೇ ಅರ್ಧ ಹೊತ್ತು ನುಂಗುವುದು ಸಾಮಾನ್ಯ, ಬರೆಯುವಾಗ ಹೆಚ್ಚು ಉತ್ಸಾಹ ಇದ್ದದ್ದು ಅಲ್ಲೇ. ಆಗ ಕತ್ತರಿಸಬೇಕಾದ್ದೂ ಅಲ್ಲಿಯೇ.

ಸಭಿಕರು ಕೇಳಿದ ಕೆಲವು ಪ್ರಶ್ನೆಗಳು

ಭಾಷಣವನ್ನು ಬಾಯಿಪಾಠ ಮಾಡಿದರೆ ಒಳ್ಳೆಯದಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು.

ವಾಕ್ಯಗಳನ್ನು ಬಾಯಿಪಾಠ ಮಾಡಿದರೆ ಒಂದು ಪದ ಮರೆತಾಗ ಇಡೀ ಸರಪಳಿ ನಿಲ್ಲುತ್ತದೆ. ಕ್ರಮವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಅದಕ್ಕೆ ಪ್ರಾಚೀನ ಗ್ರೀಸ್-ರೋಮ್‌ನ ಭಾಷಣಕಾರರು ಬಳಸುತ್ತಿದ್ದ ಉಪಾಯ ಇದೆ: ಗೊತ್ತಿರುವ ಒಂದು ಜಾಗದಲ್ಲಿ ಮನಸ್ಸಿನಲ್ಲೇ ನಡೆಯುತ್ತಾ, ಒಂದೊಂದು ನಿಲ್ದಾಣದಲ್ಲಿ ಒಂದೊಂದು ಪಾಯಿಂಟು ಇಟ್ಟು ಬರುವುದು. ನಿಮಗೆ ದುರ್ಗದ ಕೋಟೆ ಇದೆ. ಕೋಟೆಯ ಬಾಗಿಲಲ್ಲಿ ಆರಂಭ, ಮದ್ದು ಬೀಸುವ ಕಲ್ಲಿನ ಹತ್ತಿರ ಮೊದಲ ಭಾಗ, ಗೋಪಾಲಸ್ವಾಮಿ ಹೊಂಡದಲ್ಲಿ ಎರಡನೆಯದು, ಅಕ್ಕ-ತಂಗಿಯರ ಹೊಂಡದಲ್ಲಿ ಮೂರನೆಯದು, ಓಬವ್ವನ ಕಿಂಡಿಯಲ್ಲಿ ಮುಕ್ತಾಯ. ದಾವಣಗೆರೆಯವರಾದರೆ ನಿಮ್ಮ ಮನೆಯಿಂದ ಕಾಲೇಜಿಗೆ ಹೋಗುವ ದಾರಿಯೂ ಸಾಕು, ಸರ್ಕಲ್ಲುಗಳ ಕ್ರಮ ಯಾರಿಗೂ ಮರೆಯುವುದಿಲ್ಲ.

ಸ್ವಾಗತ, ವಂದನಾರ್ಪಣೆಗೂ ಹಂದರ ಬೇಕೇ?

ಬೇಕು, ಬೇರೆ ಥರದ್ದು. ಸ್ವಾಗತಕ್ಕೆ ಮೂರು ನಿಮಿಷ, ಒಬ್ಬರಿಗೆ ಒಂದು ವಾಕ್ಯ, ಆ ವಾಕ್ಯದಲ್ಲಿ ಅವರು ಈ ಕಾರ್ಯಕ್ರಮಕ್ಕೆ ಯಾಕೆ ಬಂದಿದ್ದಾರೆ ಎಂಬ ಒಂದು ಸಂಗತಿ. ಹೆಸರನ್ನೂ ಹುದ್ದೆಯನ್ನೂ ಬೆಳಿಗ್ಗೆ ಅವರ ಕಡೆಯವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ, ಆಹ್ವಾನ ಪತ್ರಿಕೆ ಅಚ್ಚಾದ ಮೇಲೂ ಬದಲಾವಣೆ ಆಗಿರುತ್ತದೆ. ವಂದನಾರ್ಪಣೆಗೆ ಎರಡು ನಿಮಿಷ, ಹೆಸರಿನ ಬದಲು ಗುಂಪು ಮಾಡಿ: ವೇದಿಕೆಯವರು, ಸ್ಥಳ ಕೊಟ್ಟವರು, ಊಟ-ಧ್ವನಿವರ್ಧಕ ನೋಡಿಕೊಂಡವರು, ಬಂದವರು. ಪ್ರಾಸ್ತಾವಿಕ ಮಾಡುವವರು ಕಾರ್ಯಕ್ರಮ ಯಾಕೆ ಎಂಬುದನ್ನಷ್ಟೇ ಹೇಳಬೇಕು. ಉಪನ್ಯಾಸದ ವಿಷಯಕ್ಕೆ ಅವರೇ ಕೈಹಾಕಿದರೆ ಮುಂದಿನವರ ಹೊಂಡ ಬತ್ತಿಸಿದ ಹಾಗೆ.

ನನಗಿಂತ ಮುಂಚೆ ಮಾತಾಡಿದವರು ನನ್ನ ಪಾಯಿಂಟನ್ನೇ ಹೇಳಿಬಿಟ್ಟರೆ ಏನು ಮಾಡುವುದು? ಇದನ್ನು ಕೇಳಿದವರು ಒಬ್ಬ ಮೇಷ್ಟ್ರು.

ಹಂದರ ಇದ್ದವರಿಗೆ ಇದು ದೊಡ್ಡ ತೊಂದರೆಯಲ್ಲ. ಇಡೀ ಭಾಷಣ ಬರೆದುಕೊಂಡು ಬಂದವರಿಗೆ ಕಷ್ಟ. ಆ ಪಾಯಿಂಟನ್ನು ಕಾರ್ಡಿನಲ್ಲಿ ಹೊಡೆದುಹಾಕಿ, ಆ ಜಾಗದಲ್ಲಿ 'ಈಗಷ್ಟೇ ಸರ್ ಹೇಳಿದರಲ್ಲ' ಎಂದು ಒಂದೇ ವಾಕ್ಯದಲ್ಲಿ ಅದನ್ನು ಅವರಿಗೇ ಒಪ್ಪಿಸಿ, ಅದರ ಮೇಲೆ ನಿಂತು ಮುಂದಿನ ಭಾಗಕ್ಕೆ ಹೋಗಿ. ಉಳಿದ ಎರಡು ನಿಮಿಷವನ್ನು ಲಕೋಟೆಯಲ್ಲಿ ಇಟ್ಟ ಒಂದು ಉದಾಹರಣೆಗೆ ಕೊಡಿ. ಅಧ್ಯಕ್ಷತೆ ವಹಿಸಿದವರಂತೂ ಇದನ್ನೇ ಮಾಡಬೇಕು: ಕಾರ್ಡಿನಲ್ಲಿ ತಮ್ಮದೊಂದು ತಿರುಳು ವಾಕ್ಯ ಬರೆದು, ಅದರ ಕೆಳಗೆ ಭಾಷಣಕಾರರ ಲೆಕ್ಕಕ್ಕೆ ಒಂದೊಂದು ಸಾಲು ಖಾಲಿ ಬಿಟ್ಟುಕೊಂಡು ಬರಬೇಕು. ಖಾಲಿ ಸಾಲು ತುಂಬುವುದು ವೇದಿಕೆಯ ಮೇಲೆಯೇ. ಆದ್ದರಿಂದ ಬೇರೆಯವರು ಮಾತಾಡುವಾಗ ಪಕ್ಕದವರ ಜೊತೆ ಪಿಸುಗುಟ್ಟದೆ, ಪೆನ್ನಿನ ಕ್ಯಾಪ್ ತೆಗೆದಿಟ್ಟುಕೊಂಡು ಕೂತಿರಿ.